ಮನೆ ಬಳಕೆಗೊಂದು ಗ್ಯಾಸ್ ಕಟರ್

ಕೆಲವರ ಮನೆಯ ಪಡಸಾಲೆಯಲ್ಲಿ ಜಿಂಕೆಯ ಕೊಂಬು ಇರುತ್ತದೆ, ಕೆಲವರದರಲ್ಲಿ ತಾತನ ಬಂದೂಕು. ಬೀದರಿನ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಹಿತ್ತಾಳೆಯದೊಂದು ಗ್ಯಾಸ್ ಕಟರ್ ನೇತುಬಿದ್ದಿದೆ. ಅದರ ಕೆಳಗೆ ಎರಡು ಸಿಲಿಂಡರುಗಳು. ಒಂದು ಉದ್ದನೆಯ ಕರಿಯದು, ಆಕ್ಸಿಜನ್ನಿನದು. ಇನ್ನೊಂದು ಗಿಡ್ಡನೆಯ, ಮೈತುಂಬಿಕೊಂಡ ಕೆಂಪನೆಯದು, ಉರಿಯುವ ಗ್ಯಾಸಿನದು. ಹಳೆಯ ಕಾಲದ ಮದುವೆ ಫೋಟೊದಲ್ಲಿ ಗಂಡಹೆಂಡಿರು ನಿಂತಂತೆ ಎರಡೂ ಮುಖ ಬಿಗಿದುಕೊಂಡು ನಿಂತಿವೆ. ಬಂದವರು ಕುಳಿತು, ನೀರು ಕುಡಿದು, ಮಳೆ ಬೆಳೆ ವಿಚಾರಿಸಿ, ಕೊನೆಗೆ ತಡೆಯಲಾರದೆ ಕೇಳುತ್ತಾರೆ: "ಮಾಸ್ತರ್ರ, ಇದೇನ್ರಿ?" ನಾನು ಗಂಭೀರವಾಗಿ "ಗೃಹೋಪಯೋಗಿ ವಸ್ತು" ಎನ್ನುತ್ತೇನೆ. ಅವರು ನನ್ನ ಹೆಂಡತಿ ಸುಗುಣಾಳ ಮುಖ ನೋಡುತ್ತಾರೆ. ಸುಗುಣಾ ತಲೆಯೆತ್ತಿ ಫ್ಯಾನು ತಿರುಗುವುದನ್ನು ನೋಡುತ್ತಾಳೆ.

ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ಈ ಗೃಹೋಪಯೋಗಿ ವಸ್ತು ನಮ್ಮ ಮನೆಗೆ ಬಂದ ಮೇಲೆ ಹೇಳಿಕೊಳ್ಳುವಂಥದ್ದನ್ನು ಕಡಿದದ್ದು ಒಂದೇ ಸಲ. ಕಡಿದದ್ದು ಭಾತಂಬ್ರಾದ ಹೊಲದಲ್ಲಿದ್ದ ನಮ್ಮಪ್ಪನ ಬೆಲ್ಲದ ಕಡಾಯಿಯನ್ನು. ಆ ಕಡಾಯಿ ನಮ್ಮ ಅಕ್ಕನಿಗೆ ಬೇಕಾಗಿತ್ತು. ಡಾಬಕಾದ ತನ್ನ ಹೊಲದಲ್ಲಿ ಒಲೆ ಹೂಡಿ, ಅಪ್ಪ ಇಳಿಸುತ್ತಿದ್ದ ಹಾಗೆ ಒಂದು ಹಂಗಾಮಾದರೂ ಬೆಲ್ಲ ಇಳಿಸಬೇಕೆಂದು ಅವಳ ಆಸೆ. ಅದನ್ನು ಮೂರು ಹೋಳು ಮಾಡಿದವನು ನಾನು. ಮಾಡುವಾಗ ನ್ಯಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಈ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಮುಂದೆ ಹೋದಂತೆ ಹೇಳಲು ನಾಚಿಕೆಯಾಗುತ್ತದೆ.

ಈ ಬೆಂಕಿಯ ಮೇಲೆ ನನಗೆ ಮೋಹ ಹುಟ್ಟಿದ್ದು ಭಾಲ್ಕಿ ಸ್ಟೇಷನ್ನಿನಲ್ಲಿ. ಕ್ರಿಸ್‌ಮಸ್ಸಿನ ಬಟ್ಟೆಗೆಂದು ಅವ್ವ ನಮ್ಮನ್ನು ಬೀದರಿಗೆ ಕರೆದುಕೊಂಡು ಹೊರಟಿದ್ದಳು. ಗಾಡಿ ತಡ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಹಳಿ ದುರಸ್ತಿಯವನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಉಕ್ಕಿನ ಹಳಿಯ ಮೇಲೆ ನೀಲಿ ಉರಿ ಹಿಡಿದಿದ್ದ. ಹಳಿ ಮೊದಲು ನಾಚಿಕೊಂಡಂತೆ ಕೆಂಪಾಯಿತು, ಆಮೇಲೆ ಹಳದಿಯಾಯಿತು, ಅವನು ಕೈಯಲ್ಲಿದ್ದ ಹಿಡಿಕೆಯನ್ನು ಒತ್ತಿದೊಡನೆ ಕಿಡಿಗಳ ಒಂದು ಮಳೆ ಕೆಳಗೆ ಸುರಿಯಿತು. ರೈಲಿನಂಥ ರೈಲನ್ನೇ ಹೊರುವ ಉಕ್ಕು ಮೆತ್ತಗಿನ ಖೋವಾದ ಹಾಗೆ ಎರಡಾಯಿತು. ನಾನು ಬಾಯಿ ತೆರೆದು ನಿಂತಿದ್ದೆ. "ಏ ಸುಂದರ, ಕಣ್ಣ ಹೋಗ್ತಾವ, ಈ ಕಡಿ ನೋಡು," ಎಂದು ಅಕ್ಕ ನನ್ನ ಕಿವಿ ಹಿಡಿದು ತಿರುಗಿಸಿದಳು. ಅವಳು ಹಿಡಿದ ಕಿವಿ ಆ ಕಡೆಗೆ, ಕಣ್ಣು ಈ ಕಡೆಗೆ. ದೊಡ್ಡವನಾದ ಮೇಲೆ ಇದೇ ಉದ್ಯೋಗ ಎಂದು ಅಂದೇ ತೀರ್ಮಾನಿಸಿದೆ. ದೊಡ್ಡವನಾಗಿ ಚಿತ್ರಕಲೆ ಮಾಸ್ತರನಾದೆ. ಆ ಉದ್ಯೋಗದಲ್ಲಿ ಕಾದು ಕೆಂಪಾಗುತ್ತಿದ್ದದ್ದು ಹೆಡ್‌ಮಾಸ್ತರರ ತಲೆ ಒಂದೇ.

ಕಡಾಯಿಯ ವಿಷಯಕ್ಕೆ ಬರುತ್ತೇನೆ. ಅದು ಅಡುಗೆಮನೆಯ ಕಡಾಯಿಯಲ್ಲ. ದಪ್ಪ ಕಬ್ಬಿಣದ ಹಾಳೆಗಳನ್ನು ರಿವೆಟ್ಟು ಬಡಿದು ಜೋಡಿಸಿದ, ಒಂದು ಕುಟುಂಬವೇ ಸುತ್ತ ಕುಳಿತು ಉಣ್ಣಬಹುದಾದಷ್ಟು ಅಗಲದ, ಕಬ್ಬಿನ ಹಾಲು ಕುದಿಸುವ ಕಡಾಯಿ. ಹಂಗಾಮು ಮುಗಿದ ಮೇಲೆ ಅದನ್ನು ಬೇವಿನ ಮರದ ಕೆಳಗೆ ಬೋರಲು ಹಾಕುತ್ತಿದ್ದರು. ಒಂದು ಬದಿಗೆ ಕಲ್ಲು ಇಟ್ಟಿದ್ದರಿಂದ ನಮ್ಮಂಥವರು ನುಸುಳುವಷ್ಟು ಸಂದು ಇರುತ್ತಿತ್ತು. ಒಳಗೆ ಹೊಕ್ಕು ಏನು ಮಾತಾಡಿದರೂ ದನಿ ಹತ್ತು ಪಟ್ಟಾಗಿ ಕೇಳುತ್ತಿತ್ತು. ನಾನು ಒಳಗೆ ಕುಳಿತು ನಮ್ಮ ಚರ್ಚಿನ ಅಯ್ಯನವರ ಹಾಗೆ ಪ್ರಸಂಗ ಮಾಡುತ್ತಿದ್ದೆ: "ಪಾಪಿಗಳೇ, ಮನಸ್ಸು ತಿರುಗಿಸಿಕೊಳ್ಳಿರಿ!" ಅಕ್ಕ ಹೊರಗೆ ಸಭೆಯಾಗಿ ನಿಂತು, ಪ್ರಸಂಗ ಉದ್ದವಾಯಿತೆಂದು ಕಂಡಾಗ ಕಡಾಯಿಯ ಮೇಲೆ ಕೋಲಿನಿಂದ ಒಂದು ಬಾರಿಸಿ "ಆಮೆನ್" ಅನ್ನುತ್ತಿದ್ದಳು. ನನ್ನ ಕಿವಿಯಲ್ಲಿ ಆ ಆಮೆನ್ ಸಂಜೆಯತನಕ ಮೊಳಗುತ್ತಿತ್ತು. ಆ ವಯಸ್ಸಿನಲ್ಲೇ ನನಗೆ ಪ್ರಸಂಗ ಚುಟುಕಾಗಿರಬೇಕೆಂದು ತಿಳಿದಿತ್ತು. ಅಯ್ಯನವರಿಗೆ ತಿಳಿಯಲಿಲ್ಲ.

ಹಂಗಾಮಿನಲ್ಲಿ ಆ ಕಡಾಯಿ ಅಕ್ಕನದು. ಹಾಲು ಕುದಿಯುತ್ತಿತ್ತು, ಬೆಂಡೆಗಿಡದ ಲೋಳೆ ಹಾಕಿ ಕೆಸರು ತೆಗೆಯುತ್ತಿದ್ದರು, ನೊರೆ ಏರುತ್ತಿತ್ತು, ಇಳಿಯುತ್ತಿತ್ತು. ಕೊನೆಗೆ ಪಾಕ ಗಟ್ಟಿಯಾಗುವ ಹೊತ್ತಿಗೆ ಕಡಾಯಿ ಇಳಿಸಲು ಗಂಡಾಳುಗಳು ಹಿಡಿಕೆಗಳಿಗೆ ಬಡಿಗೆ ತೂರಿಸಿಕೊಂಡು ಸಿದ್ಧವಾಗಿ ನಿಲ್ಲುತ್ತಿದ್ದರು. ಯಾವಾಗ ಇಳಿಸಬೇಕೆಂದು ಹೇಳುವವಳು ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಅಕ್ಕ. ಬೆರಳನ್ನು ತಣ್ಣೀರಲ್ಲಿ ಅದ್ದಿ, ಪಾಕದಿಂದ ಒಂದು ಹನಿ ಎತ್ತಿ, ಮತ್ತೆ ನೀರಿಗೆ ಹಾಕಿ ಹೊರಳಿಸುತ್ತಿದ್ದಳು.

"ಕರುಣಾ, ನೋಡವ್ವ, ಆಯ್ತೇನು?" ಎನ್ನುತ್ತಿದ್ದ ಅಪ್ಪ.

"ಇನ್ನೊಂದು ಕುದಿ ಬರ್ಲಿ ಅಪ್ಪ."

ಮೀಸೆ ಹೊತ್ತ ಗಂಡಸರು ಆ ಒಂದು ಕುದಿಗಾಗಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನನಗೆ ವಹಿಸಿದ ಜವಾಬ್ದಾರಿ ಎಂದರೆ ಒಲೆಗೆ ಒಣಗಿದ ಕಬ್ಬಿನ ರವದಿ ಹೊತ್ತು ತರುವುದು ಮತ್ತು ದೂರ ನಿಲ್ಲುವುದು. ಎರಡನೆಯದನ್ನು ಹೆಚ್ಚು ಒತ್ತಿ ಹೇಳುತ್ತಿದ್ದರು.

ಆಮೇಲೆ ಕಬ್ಬೆಲ್ಲ ಲಾರಿ ಹತ್ತಿ ಫ್ಯಾಕ್ಟರಿಗೆ ಹೋಗತೊಡಗಿತು. ಒಲೆ ಮಣ್ಣಾಯಿತು, ಕಡಾಯಿ ಬೋರಲಾದದ್ದು ಬೋರಲಾಗಿಯೇ ಉಳಿಯಿತು. ಅಕ್ಕ ನರ್ಸ್ ಕೆಲಸ ಕಲಿತು ಔರಾದಿನ ಆಸ್ಪತ್ರೆ ಸೇರಿ, ಡಾಬಕಾದ ಮನೆತನಕ್ಕೆ ಸೊಸೆಯಾದಳು. ಸಿರಿಂಜನ್ನು ಬೆಳಕಿಗೆ ಹಿಡಿದು ಒಂದು ಹನಿ ಚಿಮ್ಮಿಸುವಾಗ ಅವಳ ಮುಖದಲ್ಲಿ ಅದೇ ಪಾಕ ನೋಡುವ ಗಾಂಭೀರ್ಯ ಇರುತ್ತಿತ್ತು. ಅವಳಿಂದ ಸೂಜಿ ಚುಚ್ಚಿಸಿಕೊಂಡ ನಾನು ಇದಕ್ಕೆ ಸಾಕ್ಷಿ.

ಇಲ್ಲಿ ನಮ್ಮ ಮನೆತನದ ಒಂದು ರಿವಾಜು ಹೇಳಬೇಕು, ಹೇಳದಿದ್ದರೆ ಮುಂದಿನದು ನಿಮಗೆ ಹುಚ್ಚರ ಸಂತೆಯಂತೆ ಕಂಡೀತು. ನಮ್ಮಲ್ಲಿ ಯಾರು ಏನು ಕೊಟ್ಟರೂ ಎರಡು ಸಲ "ಒಲ್ಲೆ" ಅನ್ನಬೇಕು. ಮೂರನೆಯ ಸಲ ಕೇಳಿದಾಗ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈಚಾಚಿದವರು ಉಪವಾಸ ಬಂದವರೆಂದೂ, ಮೂರನೆಯ ಸಲಕ್ಕೂ ಒಲ್ಲೆ ಎಂದವರು ಸಿಟ್ಟಾದವರೆಂದೂ ಅರ್ಥ. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ಹಾಲಿನ ಜೊತೆಗೇ ಕುಡಿದೆವು. ಒಮ್ಮೆ ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಅಯ್ಯನವರೊಬ್ಬರು ಅಪ್ಪನನ್ನು ಊಟಕ್ಕೆ ಕರೆದು, ಅಪ್ಪನ ಮೊದಲ ಒಲ್ಲೆಯನ್ನೇ ನಂಬಿ ಹೋಳಿಗೆಯ ತಟ್ಟೆಯನ್ನು ಒಳಗೆ ಒಯ್ದುಬಿಟ್ಟರು. ಅಪ್ಪ ಬಿರಬಿರನೆ ಹೆಜ್ಜೆ ಹಾಕಿದ. ಮನೆಗೆ ಬಂದು ಅವ್ವನಿಗೆ ರೊಟ್ಟಿ ಬಡಿಯಲು ಹೇಳಿದ. ಆ ಅಯ್ಯನವರ ವೇದಪಾಂಡಿತ್ಯದ ಮೇಲೆ ನಮ್ಮ ಮನೆಯಲ್ಲಿ ಕೊನೆಯವರೆಗೂ ಒಂದು ಸಂಶಯ ಉಳಿಯಿತು.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ, ಭಾತಂಬ್ರಾದಲ್ಲಿ ಒಕ್ಕಲುತನ ನೋಡಿಕೊಳ್ಳುವ ನಮ್ಮ ತಮ್ಮ ಜೀವನ, ಬೇವಿನ ಮರದ ಹತ್ತಿರ ದನಗಳಿಗೆ ಶೆಡ್ಡು ಹಾಕಬೇಕೆಂದ. ಮಿಕ್ಕಿದ್ದೆಲ್ಲ ಹಂಚಿಕೆಯಾಗಿತ್ತು, ಜಗಳ ಮಾಡಲು ಒಂದು ತಂಬಿಗೆಯೂ ಉಳಿದಿರಲಿಲ್ಲ. ಕಡಾಯಿಯೊಂದು ಉಳಿದಿತ್ತು. ಮೂವರೂ ಅದರ ಸುತ್ತ ನಿಂತೆವು.

"ಅಣ್ಣ, ಇದು ನೀ ಒಯ್ಯಿ," ಎಂದ ಜೀವನ.

"ನಾ ಒಲ್ಲೆ. ಬೀದರದಾಗ ಎಲ್ಲಿ ಇಡ್ಲಿ? ಅಕ್ಕ, ನೀ ಒಯ್ಯಿ."

"ನಾ ಒಲ್ಯೊ ತಮ್ಮಾ. ಈ ವಯಸ್ಸಿನ್ಯಾಗ ಇದರಾಗ ಏನ ಮಾಡ್ಲಿ, ಈಜ್ಲೇನು? ಜೀವನನ ಅಂಗಳದಾಗ ಅದ, ಅವಂದೇ ಆಯ್ತು."

"ಛೆ ಛೆ, ಮಂದಿ ಏನಂತಾರ? ಇಬ್ಬರಿಗೂ ಕೈ ಕೊಟ್ಟು ಕಡಾಯಿ ಹೊಡ್ಕೊಂಡ ಅಂತಾರ."

ಎಲ್ಲರೂ ನಕ್ಕೆವು. ಹೊರಡುವಾಗ ಅಕ್ಕ ಚೀಲದ ಬಾಯಿ ಕಟ್ಟುತ್ತ, ಕಡಾಯಿಯ ಕಡೆಗೆ ನೋಡುತ್ತ, "ಈ ವರ್ಷ ಬಾವಿ ಕಡಿ ಒಂದಿಷ್ಟು ಕಬ್ಬ ಹಚ್ಚೇನಿ ನೋಡ್ರಿ," ಎಂದಳು. ಜೀವನ ಯಾವ ತಳಿ ಎಂದು ಕೇಳಿದ. ನಾನು ಡಾಬಕಾದ ಕಡೆ ಹಂದಿಯ ಕಾಟ ಹೇಗಿದೆ ಎಂದು ಕೇಳಿದೆ. ಮುದಿ ನರ್ಸಮ್ಮನಿಗೆ ಕಬ್ಬು ಯಾಕೆ ಎಂದು ಇಬ್ಬರೂ ಕೇಳಲಿಲ್ಲ.

ಮೂವರೂ ಬೇಡವೆಂದ ವಸ್ತು ಮೂವರ ನಡುವೆ ಅಷ್ಟು ಭಾರವಾಗುತ್ತದೆಂದು ನಾನು ಎಣಿಸಿರಲಿಲ್ಲ. ಫೋನಿನಲ್ಲಿ ನಾವು ಅಣ್ಣತಮ್ಮಂದಿರು ತ್ಯಾಗ ಮಾಡತೊಡಗಿದೆವು. ಜೀವನ ನನ್ನ ಪರವಾಗಿ ತ್ಯಾಗ ಮಾಡಿದರೆ ನಾನು ಅವನ ಪರವಾಗಿ ಮಾಡುತ್ತಿದ್ದೆ. ತ್ಯಾಗ ಬರಬರುತ್ತ ಖಾರವಾಯಿತು. ಗುಜರಿಗೆ ಹಾಕೋಣವೇ ಎಂದು ಜೀವನ ಒಂದು ದಿನ ಅಂದದ್ದಕ್ಕೆ "ಅಪ್ಪನ ಕಡಾಯಿ ಗುಜರಿಗಾ?" ಎಂದು ನಾನು ದನಿ ಏರಿಸಿದೆ. ಅವನ ಶೆಡ್ಡು ಅರ್ಧಕ್ಕೆ ನಿಂತಿತು. ಆಗ ನನ್ನೊಳಗೆ ಬೈಬಲ್ಲಿನ ನ್ಯಾಯಗಾರ ರಾಜ ಸೊಲೊಮೋನ ಎದ್ದು ಕುಳಿತ. ಮೂರು ಸಮಪಾಲು ಮಾಡಿಬಿಡೋಣ, ಯಾರಿಗೂ ಹೆಚ್ಚಲ್ಲ ಕಡಿಮೆಯಲ್ಲ ಎಂದೆ. ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳಕ್ಕೆ ಬಂದಾಗ ಸೊಲೊಮೋನ ಕತ್ತಿ ತರಿಸಿದ್ದು ಕೂಸನ್ನು ಉಳಿಸುವುದಕ್ಕೆ ಎಂಬ ಮುಖ್ಯ ಭಾಗ ಆ ಹೊತ್ತಿಗೆ ನನಗೆ ಮರೆತಿತ್ತು.

ಜೀವನ ಊರಿನ ವೆಲ್ಡಿಂಗ್‌ನವನನ್ನು ಕರೆತಂದ. ಅವನು ಕಡಾಯಿಯ ಸುತ್ತ ಒಂದು ಸುತ್ತು ಹಾಕಿ, "ಬೆಲ್ಲದ ಕಡಾಯಿಗಿ ಬೆಂಕಿ ತೆಳಗಿಂದ ಹಚ್ಚೂದ್ರಿ, ಮ್ಯಾಲಿಂದ ಹಚ್ಚೂದಲ್ಲ. ನಾ ಒಲ್ಲೆ," ಎಂದು ಚಹಾ ಕುಡಿದು ಹೋದನಂತೆ. ಅದನ್ನು ಕೇಳಿ ನಾನು ಮೂಢನಂಬಿಕೆಯ ಬಗ್ಗೆ ಫೋನಿನಲ್ಲೇ ಒಂದು ಉಪನ್ಯಾಸ ಕೊಟ್ಟೆ. ಒಳಗೊಳಗೆ ಮಾತ್ರ ಭಾಲ್ಕಿ ಸ್ಟೇಷನ್ನಿನ ನೀಲಿ ಉರಿ ಹೊತ್ತಿಕೊಂಡಿತ್ತು. ಈ ವಯಸ್ಸಿನಲ್ಲಿ, ಯಾರೂ ಕಿವಿ ಹಿಡಿಯದೆ, ಧರ್ಮದ ಕೆಲಸವೆಂಬ ಹೆಸರಿನಲ್ಲಿ ಅದನ್ನು ಕೈಯಲ್ಲಿ ಹಿಡಿಯುವ ಯೋಗ ಕೂಡಿಬಂದಿತ್ತು.

ಭಾಲ್ಕಿಯಲ್ಲಿ ಕಬ್ಬಿನ ಟ್ರಾಲಿ ರಿಪೇರಿ ಮಾಡುವ ಖಾಜಾಮಿಯಾ ನನಗೆ ಹಳೆಯ ಪರಿಚಯ. ಮಗ ಕರೆಂಟಿನ ಕಟರ್ ತಂದ ಮೇಲೆ ಹಳೆಯ ಗ್ಯಾಸಿನ ಸೆಟ್ಟನ್ನು ಮಾರಬೇಕೆಂದಿದ್ದ. ನಾನು ಹೋದಾಗ ಅವನು ಪಂಪುಸ್ಟವ್ ಬಿಚ್ಚಿ ಕುಳಿತಿದ್ದ.

"ಬರ್ರಿ ಮಾಸ್ತರ್ ಸಾಬ್. ಯಾರ ಸಲುವಾಗಿ ಬೇಕು? ಸಾಲಿಗೇನು?"

"ಇಲ್ಲ ಮಿಯಾ, ಮನಿ ಸಲುವಾಗಿ."

"ಮನಿಗಾ?" ಅವನು ಸ್ಟವ್ ಕೆಳಗಿಟ್ಟ. "ಮನ್ಯಾಗ ಕಡಿಯೂದೇನ್ ಇರ್ತದ್ರಿ? ಉಳ್ಳಾಗಡ್ಡಿ?"

ಕಡಾಯಿಯ ಸುದ್ದಿ ಹೇಳದೆ, ಸಣ್ಣಪುಟ್ಟ ಕೆಲಸ, ಗೇಟು ಪಾಟು ಎಂದು ತೇಲಿಸಿದೆ. ಅವನು ಪೈಪುಗಳನ್ನು ಬಗ್ಗಿಸಿ ಬಗ್ಗಿಸಿ ತೋರಿಸಿದ, ಸಾಬೂನು ನೀರು ಹಚ್ಚಿ ಸೋರುವುದನ್ನು ನೋಡಲು ಕಲಿಸಿದ, ಆಕ್ಸಿಜನ್ನಿನ ಹತ್ತಿರ ಎಣ್ಣೆ ಕೈ ತರಬಾರದೆಂದು ಆಣೆ ಹಾಕಿಸಿದ. ಕಪ್ಪು ಕನ್ನಡಕ ನನ್ನ ಮೂಗಿಗೆ ಏರಿಸಿ ಸ್ವಲ್ಪ ಹೊತ್ತು ನೋಡಿದ. "ಒಂದು ಮಾತು ಸಾಬ್. ಹೊಸದಾಗಿ ಈ ಚೀಜು ಕೈಗಿ ಬಂದವರಿಗಿ ಎಲ್ಲಾ ಕಡೀಬೇಕು ಅನಿಸ್ತದ. ನನಗೂ ಅನಿಸಿತ್ತು. ಮಾವನ ಬೈಸಿಕಲ್ ಕಡ್ದಿದ್ದೆ."

"ಆಮ್ಯಾಲ?"

"ಆಮ್ಯಾಲ ಏನು? ಮಾವ ಇನ್ನೂ ನಮ್ಮ ಮನಿಗಿ ನಡ್ಕೊಂತ ಬರ್ತಾನ, ಬಂದು ಬೈದು ಹೋಗ್ತಾನ."

ಕೊಳ್ಳುವುದು ಸುಲಭವಾಯಿತು, ತುಂಬಿಸುವುದು ಕಷ್ಟವಾಯಿತು. ಸಿಲಿಂಡರುಗಳಿಗೆ ಕಾಲಕಾಲಕ್ಕೆ ತಪಾಸಣೆಯಾಗಬೇಕಂತೆ, ಆದ ತಾರೀಖನ್ನು ಕೊರಳ ಮೇಲೆ ಕುಟ್ಟಿರುತ್ತಾರಂತೆ. ಬೀದರಿನ ಗ್ಯಾಸ್ ಅಂಗಡಿಯವನು ಬಗ್ಗಿ ಆ ಅಂಕಿಗಳನ್ನು ಓದುತ್ತಿದ್ದರೆ ನನಗೆ ನಾನೇ ಪರೀಕ್ಷೆಗೆ ಕುಳಿತಂತಾಯಿತು. ಕರಿಯದು ಪಾಸಾಯಿತು. ಕೆಂಪನೆಯದಕ್ಕೆ ಮತ್ತೊಮ್ಮೆ ತಪಾಸಣೆ ಆಗಬೇಕೆಂದು ಅವನು ಇಟ್ಟುಕೊಂಡ. ಅದು ವಾಪಸು ಬರುವವರೆಗೆ ಆಕ್ಸಿಜನ್ ಸಿಲಿಂಡರೊಂದೇ ಆಟೊದಲ್ಲಿ ನಮ್ಮ ಮನೆಗೆ ಬಂತು. ಅಲ್ಲಿಂದ ಒಂದು ಅನಾಹುತ.

ಮನೆಯೊಳಗೆ ಆಕ್ಸಿಜನ್ ಸಿಲಿಂಡರು ಹೋದದ್ದನ್ನು ಓಣಿ ನೋಡಿತು. ನಾನು ಅದರ ಜೊತೆಗೆ ನಡೆದುಕೊಂಡೇ ಹೋಗಿದ್ದೆನಾದ್ದರಿಂದ ರೋಗಿ ನಾನಲ್ಲ ಎಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಎದುರು ಮನೆಯವರು ಮೋಸಂಬಿ ಹಿಡಿದುಕೊಂಡು ಬಂದರು. ಅವರ ಹಿಂದೆ ನಮ್ಮ ಚರ್ಚಿನ ಈಗಿನ ಅಯ್ಯನವರು ಬೈಬಲ್ ಹಿಡಿದುಕೊಂಡು ಬಂದರು. ಸುಗುಣಾ ಬಾಗಿಲು ತೆರೆದು, ಎಲ್ಲರನ್ನೂ ಕೂಡಿಸಿ, ಚಹಾ ಮಾಡಿ ಕೊಟ್ಟಳು. ಅಯ್ಯನವರು ಕಣ್ಣು ಮುಚ್ಚಿ, "ಈ ಮನೆಯಲ್ಲಿ ಉಸಿರಾಟದ ಬಾಧೆಯಲ್ಲಿರುವ ನಿನ್ನ ದಾಸಿಯನ್ನು..." ಎಂದು ಶುರುಮಾಡಿದ ಮೇಲೆಯೇ ದಾಸಿ ಯಾರೆಂದು ಅವಳಿಗೆ ಹೊಳೆದದ್ದು.

"ಅಯ್ಯನೋರೆ, ನನಗೇನೂ ಆಗಿಲ್ರಿ. ಆಗಿದ್ದೆಲ್ಲಾ ಇವರಿಗೇ ಆಗ್ಯಾದ."

ಅಯ್ಯನವರು ಸಿಲಿಂಡರು ನೋಡಿದರು, ಗೋಡೆಯ ಮೇಲಿನ ಕಟರ್ ನೋಡಿದರು, ನನ್ನನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿ, ಪ್ರಾರ್ಥನೆಯನ್ನು ಅಲ್ಲಿಂದಲೇ ತಿರುಗಿಸಿ, ಈ ಮನೆಯ ಯಜಮಾನನಿಗೆ ವಿವೇಕ ಕೊಡಬೇಕೆಂದು ಬೇಡಿಕೊಂಡರು. ಮೋಸಂಬಿ ವಾಪಸು ಒಯ್ಯಲಿಲ್ಲ ಎಂಬುದೊಂದು ಸಮಾಧಾನ.

ಆ ಪ್ರಾರ್ಥನೆ ಫಲಿಸಲು ತಡವಾಯಿತು. ಕೆಂಪು ಸಿಲಿಂಡರು ಬಂದ ಮೇಲೆ ಹಿತ್ತಲಲ್ಲಿ ಅಭ್ಯಾಸಕ್ಕೆ ನಿಂತೆ. ಮುರಿದ ಕಬ್ಬಿಣದ ಕಾಟಿನ ಕಾಲು ಕಡಿದೆ. ತೂತು ಬಿದ್ದ ಬಕೆಟ್ಟು ಕಡಿದೆ. ಬಕೆಟ್ಟು ಕಡಿದು ಏನು ಮಾಡುತ್ತೀರಿ ಎಂದು ಸುಗುಣಾ ಕೇಳಿದಳು. ಕಲಾವಿದನಿಗೆ ಕೇಳುವ ಪ್ರಶ್ನೆ ಅದಲ್ಲ ಎಂದೆ. "ಕಡಾಯಿ ಬಗ್ಗಿ ಅಕ್ಕನಿಗಿ ಇನ್ನೊಮ್ಮಿ ಸರಿಯಾಗಿ ಕೇಳ್ರಿ," ಎಂದಳು ಅವಳು. ಕೇಳುತ್ತೇನೆ ಎಂದೆ. ಹೇಳುವಾಗ ಉರಿಯ ಬಣ್ಣ ಸರಿಮಾಡುತ್ತಿದ್ದೆ.

ಸರಿ, ಒಂದು ದಿನ ಗೊತ್ತುಮಾಡಿಕೊಂಡು ಸಿಲಿಂಡರುಗಳನ್ನು ಟೆಂಪೊದಲ್ಲಿ ಹೇರಿಕೊಂಡು ಭಾತಂಬ್ರಾಕ್ಕೆ ಹೋದೆ. ಜೀವನ ಕಡಾಯಿಯನ್ನು ನೆಟ್ಟಗೆ ಮಗುಚಿ ತೊಳೆದು ಇಟ್ಟಿದ್ದ. ನಾನು ಮೂರು ಪಾಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚಂದದ ಗೆರೆ ನಾನು ಎಳೆದಿರಲಿಲ್ಲ. ಅಷ್ಟರಲ್ಲಿ ಅಕ್ಕ ಬಂದಳು. ಸಾಮಾನು ಸಾಗಿಸುವ ಸಣ್ಣ ಗಾಡಿಯೊಂದರಲ್ಲಿ, ಡ್ರೈವರನ ಪಕ್ಕದ ಸೀಟಿನಲ್ಲಿ ಕುಳಿತು ಬಂದಳು. ಔರಾದಿನಿಂದ ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ.

ಅವಳು ಕಡಾಯಿಯ ಅಂಚಿನ ಮೇಲೆ ಕೈ ಇಟ್ಟು ಒಳಗೆ ಬಗ್ಗಿ ನೋಡಿದಳು. ನಾನು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಕೈಯಲ್ಲಿ ಕಟರ್ ಹಿಡಿದುಕೊಂಡೇ ಕೇಳಿದೆ: "ಅಕ್ಕ, ನೋಡು, ಬೇಕಂದ್ರ ಇಡೀದು ನೀನೇ ಒಯ್ಯಿ."

ಅವಳು ನನ್ನ ಕೈಯನ್ನು ನೋಡಿದಳು, ಸಿಲಿಂಡರುಗಳನ್ನು ನೋಡಿದಳು. "ಒಲ್ಯೊ ತಮ್ಮಾ. ನೀ ಇಷ್ಟು ದೂರಿಂದ ಹೊತ್ಕೊಂಡು ಬಂದೀದಿ."

ಅಂದು ಮೂವರೂ ನಿಂತಾಗ ಹೇಳಿದ್ದು ಮೊದಲನೆಯದು, ಇದು ಎರಡನೆಯ ಒಲ್ಲೆ. ಇನ್ನೊಮ್ಮೆ ಕೇಳಬೇಕಿತ್ತು. ಹುಟ್ಟಿದಾಗಿನಿಂದ ಬಲ್ಲ ರಿವಾಜು, ಯಾರ ಮನೆಗೆ ಹೋದರೂ ಮರೆಯದ ರಿವಾಜು. ಲೈಟರು ಆಗಲೇ ನನ್ನ ಬೆರಳ ಸಂದಿಯಲ್ಲಿತ್ತು. ಅಕ್ಕ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಅವಳು ಆ ಮೂರನೆಯ ಮಾತಿಗಾಗಿ ಕಾಯುತ್ತಿದ್ದಳು ಎಂದು ಈಗ ತಿಳಿಯುತ್ತದೆ. ಆಗ, ಕಿಡಿ ನೋಡಲು ನಿಂತಿದ್ದಾಳೆ ಎಂದುಕೊಂಡೆ. "ದೂರ ನಿಲ್ಲು ಅಕ್ಕ," ಎಂದೆ.

ಚೆನ್ನಾಗಿಯೇ ಕಡಿದೆ. ಅದನ್ನು ಅಡಗಿಸಿ ಪ್ರಯೋಜನವಿಲ್ಲ. ಅಂಚು ಕೆಂಪಾಯಿತು, ಹಳದಿಯಾಯಿತು, ಹಿಡಿಕೆ ಒತ್ತಿದೆ, ಕಿಡಿಗಳು ಬೇವಿನ ಮರದ ಕೆಳಗೆ ಸುರಿದವು, ಗೆರೆಯ ಮೇಲೆ ಉರಿ ಹರಿದುಕೊಂಡು ಹೋಯಿತು. ಮೊದಲ ಸಾಲು ರಿವೆಟ್ಟುಗಳ ಹತ್ತಿರ ಬಂದಾಗ ಒಂದು ವಾಸನೆ ಎದ್ದಿತು. ರಿವೆಟ್ಟುಗಳ ಅಡಿಯಲ್ಲಿ, ಹಾಳೆಗಳ ಸಂದಿನಲ್ಲಿ, ಎಷ್ಟು ವರ್ಷದ ಪಾಕ ಇಂಗಿ ಕಲ್ಲಾಗಿ ಕುಳಿತಿತ್ತೋ ಏನೋ, ಮೊದಲು ಬೆಲ್ಲದ ವಾಸನೆ ಬಂತು, ಮರುಗಳಿಗೆ ಬೆಲ್ಲ ಸೀದ ವಾಸನೆ ಬಂತು. ಅಕ್ಕ ಇದ್ದ ಹೊಲದಲ್ಲಿ ಎಂದೂ ಬೆಲ್ಲ ಸೀದಿರಲಿಲ್ಲ. ಕನ್ನಡಕದೊಳಗಿಂದ ನನಗೆ ಉರಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಉರಿ ಆರಿಸಿ ತಲೆಯೆತ್ತಿದಾಗ ಅವಳು ಅಲ್ಲಿರಲಿಲ್ಲ, ಮನೆಯೊಳಗೆ ಹೋಗಿದ್ದಳು. ಒಂದು ಗೆರೆ ಕಡಿದ ಮೇಲೆ ನಿಲ್ಲಿಸುವುದರಲ್ಲಿ ಏನು ಅರ್ಥವಿದೆ ಎಂದು ಜೀವನನೂ ನಾನೂ ಮಾತಾಡಿಕೊಂಡು ಉಳಿದೆರಡು ಗೆರೆ ಮುಗಿಸಿದೆವು.

ಹೋಳುಗಳು ತಣ್ಣಗಾಗುತ್ತಿರುವಾಗ ಗಾಡಿಯ ಡ್ರೈವರು ಚಹಾದ ಲೋಟ ಹಿಡಿದುಕೊಂಡು ಅತ್ತಿತ್ತ ನೋಡುತ್ತ ಬಂದ.

"ಸಾಹೇಬ್ರ, ಕಡಾಯಿ ಎಲ್ಲಿ ಅದ್ರಿ? ಅಮ್ಮೋರು ಡಾಬಕಾಕ್ಕ ಒಯ್ಯೂದು ಅಂದಾರ. ಹೇರ್ಲಾಕ ಮಂದಿ ಬೇಕಲ್ರಿ."

ಗಾಡಿಯ ಹಿಂದೆ ಹೋಗಿ ನೋಡಿದೆ. ಗೀರು ಬೀಳಬಾರದೆಂದು ತಳಕ್ಕೆ ಹುಲ್ಲು ಹಾಸಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಬದಿಗೆ ಹೊಸ ಹಗ್ಗದ ಸಿಂಬೆ ಇಟ್ಟಿತ್ತು. ಒಬ್ಬ ಮನುಷ್ಯನನ್ನು ಮಲಗಿಸಿಕೊಂಡು ಹೋಗಬಹುದಾದಷ್ಟು ಜೋಪಾನದ ಹಾಸಿಗೆ. ತಮ್ಮ ಇನ್ನೊಮ್ಮೆ ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ ಎಂದು ಅಷ್ಟು ನೆಚ್ಚಿಕೊಂಡು ಬಂದಿದ್ದಳು. ಅಕ್ಕ ಹೊರಗೆ ಬಂದು ಡ್ರೈವರನಿಗೆ, "ಇದೊಂದು ಹೋಳು ಇಡಪ್ಪ," ಎಂದಳು. ನನ್ನ ಕಡೆ ತಿರುಗಿ, "ಕೈಗೆಲ್ಲಾ ಕಿಡಿ ಸಿಡದಾವಲ್ಲೊ, ಬರ್ನಾಲ್ ಹಚ್ಕೊ," ಎಂದಳು. ಜೀವನ ಏನೋ ಹೇಳಲು ಹೋದ, ಗಾಡಿ ಶುರುವಾಯಿತು.

ಮುಂದಿನ ವಾರವೇ ಭಾಲ್ಕಿಗೆ ಓಡಿದೆ. ಮೂರೂ ಹೋಳು ತಂದುಕೊಟ್ಟರೆ ಜೋಡಿಸಿ ಕೊಡುತ್ತೀಯಾ ಎಂದು ಖಾಜಾಮಿಯಾನನ್ನು ಕೇಳಿದೆ. ಅವನಿಗೆ ಎಲ್ಲ ಹೇಳಬೇಕಾಯಿತು. ಕೇಳಿ ನಗಲಿಲ್ಲ.

"ಜೋಡಸ್ತೇನಿ ಸಾಬ್. ನೀರು ನಿಂದರ್ತದ. ದನಕ್ಕ ಕುಡಿಲಾಕ ಮಸ್ತ್ ಆಗ್ತದ. ಆದ್ರ ಬೆಲ್ಲ?" ತಲೆ ಅಲ್ಲಾಡಿಸಿದ. "ವೆಲ್ಡಿಂಗ್ ಗಂಟು ಇದ್ದಲ್ಲಿ ಪಾಕ ಅಂಟ್ಕೊಂಡು ಸೀಯ್ತದ. ಅಮ್ಮನಿಗಿ ಅದು ಗೊತ್ತಿರ್ತದ ಬಿಡ್ರಿ."

ಹೊಸ ಕಡಾಯಿ ಕೊಡಿಸುತ್ತೇನೆಂದು ಅಕ್ಕನಿಗೆ ಫೋನು ಮಾಡಿದೆ. ಒಮ್ಮೆ ಕೇಳಿದೆ, ಎರಡು ಸಲ ಕೇಳಿದೆ, ಈ ಸಲ ಲೆಕ್ಕ ತಪ್ಪದೆ ಮೂರನೆಯ ಸಲವೂ ಕೇಳಿದೆ. "ಬ್ಯಾಡೊ, ಸುಮ್ನಿರು," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಕಬ್ಬು ಕಡಿಯುವ ಹಂಗಾಮು ಮುಗಿಯುತ್ತ ಬಂದಾಗ, ತಡೆಯಲಾರದೆ, ಬೀದರಿನಿಂದ ಔರಾದಿಗೆ, ಅಲ್ಲಿಂದ ಬಸ್ಸು ಬದಲಿಸಿ ಡಾಬಕಾಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸುತ್ತ ಹೋದೆ. ತೊಗರಿಯ ಹೊಲಗಳು ಹಿಂದಕ್ಕೆ ಹೋದಂತೆಲ್ಲ ಮಾತು ಉದ್ದವಾಗುತ್ತ ಹೋಯಿತು. ಅಕ್ಕ ಅಂಗಳದಲ್ಲಿ ಕುಳಿತು ಬೇಳೆ ಹಸನು ಮಾಡುತ್ತಿದ್ದಳು. ಅವಳ ಪಾಲಿನ ಹೋಳು ಹಿಂದಿನ ಗೋಡೆಗೆ ಒರಗಿತ್ತು. ನಾನು ಅದನ್ನು ನೋಡದಂತೆ ಕುಳಿತುಕೊಂಡೆ.

"ಕಬ್ಬು ಹ್ಯಾಂಗ ಬಂತು ಅಕ್ಕ?"

"ಛಲೋ ಬಂದಿತ್ತು. ಹ್ವಾದ ವಾರ ಫ್ಯಾಕ್ಟರಿ ಲಾರಿ ಬಂದು ಒಯ್ತು." ಮೊರವನ್ನು ಒಮ್ಮೆ ಕೇರಿ ಹೊಟ್ಟು ಹಾರಿಸಿದಳು. "ನಿನ್ನ ಮಣಕಾಲ ನೋವು ಹ್ಯಾಂಗದ?"

ಮೊಣಕಾಲು, ಸುಗುಣಾಳ ಬಿಪಿ, ಹೊಲಕ್ಕೆ ನುಗ್ಗಿದ ಯಾರದೋ ಕುರಿಗಳು, ಚರ್ಚಿನ ಚಾವಣಿಯ ಸೋರಿಕೆ, ಎಲ್ಲದರ ಬಗ್ಗೆಯೂ ಮಾತಾಡಿದೆವು. ಅವಳು ಮೊರ ಬದಿಗಿಟ್ಟಳು. ಇದೇ ಹೊತ್ತು ಎಂದುಕೊಂಡು, "ಅಕ್ಕ, ಆ ಕಡಾಯಿ..." ಎಂದೆ.

"ಕೂಡು, ಚಹಾ ಮಾಡ್ತೇನಿ," ಎಂದು ಮೊಣಕಾಲ ಮೇಲೆ ಕೈಯೂರಿ ಎದ್ದಳು.

ಒಳಗೆ ಪಾತ್ರೆ ಇಟ್ಟ ಸದ್ದಾಯಿತು, ಡಬ್ಬಿ ತೆಗೆದ ಸದ್ದಾಯಿತು. ಆಮೇಲೆ ಅವಳು ಕೂಗಿ ಕೇಳಿದಳು: "ಸುಂದರ, ಸಕ್ರಿ ಎಷ್ಟ ಹಾಕ್ಲೊ?"

ನಮ್ಮ ಮನೆಯಲ್ಲಿ ಸಿಹಿಯ ವಿಷಯದಲ್ಲಿ ಅಕ್ಕ ಯಾರನ್ನೂ ಏನನ್ನೂ ಕೇಳಿದವಳಲ್ಲ. ಎಷ್ಟು ಹಾಕಬೇಕೆಂದು ಅವಳ ಕೈಗೆ ಗೊತ್ತಿತ್ತು, ಹಾಕುತ್ತಿದ್ದಳು, ನಾವು ಕುಡಿಯುತ್ತಿದ್ದೆವು. ಅದೂ ಅಲ್ಲದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಬೆರಳಿಗೆ ಸೂಜಿ ಚುಚ್ಚಿ ಮೊದಲು ಕಂಡುಹಿಡಿದವಳೇ ಅವಳು. ಬೀದರಿನ ನಮ್ಮ ಮನೆಗೆ ಬಂದಾಗ ನನ್ನ ಚಹಾದ ಬಸಿಯಲ್ಲಿ ಬಿಸ್ಕತ್ತು ಕಂಡರೂ ಬೈದು ತೆಗೆದಿಡುತ್ತಿದ್ದವಳು. ಅಂಥವಳು ಒಳಗಿನಿಂದ, ಬಂದ ಅತಿಥಿಯನ್ನು ಕೇಳುವ ಹಾಗೆ, ಕೇಳುತ್ತಿದ್ದಳು.

"ಎರಡು ಚಮಚ," ಎಂದೆ. ಬೈಯಲಿ ಎಂದೇ ಹೇಳಿದೆ.

"ಎರಡಾ?"

"ಹೂಂ, ಎರಡು."

ಒಳಗೆ ಚಮಚ ಪಾತ್ರೆಗೆ ತಾಗಿದ್ದು ಕೇಳಿಸಿತು, ಸ್ವಲ್ಪ ತಡೆದು ಮತ್ತೊಮ್ಮೆ ಕೇಳಿಸಿತು. ಅವಳು ಲೋಟ ತಂದು ನನ್ನ ಮುಂದೆ ಇಟ್ಟು, ಮೊರ ತೊಡೆಯ ಮೇಲೆಳೆದುಕೊಂಡು ಕುಳಿತಳು. ನಾನು ಅವಳ ಮುಖ ನೋಡುತ್ತ ಗುಟುಕು ಗುಟುಕಾಗಿ ಕುಡಿದೆ. ಅವಳು ನೋಡಿದಳು. ಕೊನೆಯ ಗುಟುಕಿನವರೆಗೂ ಕಾದೆ, ಅವಳು ಬೈಯಲಿಲ್ಲ.